ಅಂಗಡಿಗೆ ಹೋಗುವ ಮುಂಚೆ

ಕೂತ್ಕೋ. ಚಪ್ಪಲಿ ಬಿಟ್ಟು ಒಳಗೆ ಬಂದವರಿಗೆ ಈ ಮನೆಯಲ್ಲಿ ಮೊದಲು ಕಾಫಿ, ಆಮೇಲೆ ಮಾತು. ನೀನು ನೋಡಿದರೆ ಹೊಸ್ತಿಲಲ್ಲೇ ಫೋನು ಚಾಚಿ, "ಅಜ್ಜ, ಈ ಮೂರರಲ್ಲಿ ಯಾವುದು ತಗೊಳ್ಲಿ? ಆಫರು ಭಾನುವಾರ ಮುಗಿಯುತ್ತೆ" ಅಂತ ಶುರು ಮಾಡಿದೆ. ಕಣ್ಣು ಕೆಂಪಾಗಿದೆ, ರಾತ್ರಿ ಎರಡರವರೆಗೆ ವೀಡಿಯೊ ನೋಡಿರಬೇಕು. ಮೆಗಾಪಿಕ್ಸೆಲ್ ಎಷ್ಟು, ಸೆಕೆಂಡಿಗೆ ಎಷ್ಟು ಚಿತ್ರ, ಯಾವ ಕಂಪನಿ ಯಾವಾಗ ಏನು ಬಿಡುತ್ತದೆ, ಎಲ್ಲ ನಿನಗೆ ಮಗ್ಗಿಯ ಹಾಗೆ ಬಾಯಿಪಾಠ. "ಏನನ್ನು ತೆಗೆಯೋದು ಮರಿ?" ಅಂತ ನಾನು ಕೇಳಿದ್ದಕ್ಕೆ ಮಾತ್ರ ಸೂರು ನೋಡಿದೆ. ಆಮೇಲೆ, "ಎಲ್ಲಾನೂ" ಅಂದೆ.

ಆ "ಎಲ್ಲಾನೂ" ಅನ್ನುವ ಮಾತಿಗೇ ಅಂಗಡಿಯವರು ಕಾದು ಕೂತಿರುತ್ತಾರೆ.

ನಿನ್ನ ಕಣ್ಣು ಒಳ್ಳೆಯದು. ಹೋದ ದೀಪಾವಳಿಯಲ್ಲಿ ಗೋಪೂಜೆಯ ಹೊತ್ತಿಗೆ ಎಲ್ಲರೂ ಹಸುವಿನ ಮುಂದೆ ಸಾಲಾಗಿ ನಿಂತು ಫೋಟೊ ಹೊಡೆಯುತ್ತಿದ್ದರೆ, ನೀನು ಕೊಟ್ಟಿಗೆಯ ಹಿಂದಕ್ಕೆ ಹೋಗಿ, ಕಂಬದ ಸಂದಿಯಿಂದ, ಕರು ತಾಯಿಯ ಕೊರಳ ಹಾರವನ್ನು ಮೆಲ್ಲುವುದನ್ನು ತೆಗೆದೆ. ಅದು ಫೋನಿನ ಚಿತ್ರ. ನಾನದನ್ನು ಪ್ರಿಂಟ್ ಹಾಕಿಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೇನೆ, ದಿನಾ ನೋಡುತ್ತೇನೆ. ಕೊಪ್ಪದ ಪೇಟೆಯಲ್ಲಿ ನಲವತ್ತು ವರ್ಷ ಸ್ಟುಡಿಯೊ ನಡೆಸಿದವನ ಮಾತು ಇದು: ಕಣ್ಣು ನಿನಗಿದೆ. ತಾಳ್ಮೆ ಮಾತ್ರ ಇನ್ನೂ ಕಾಯಿ, ಹಣ್ಣಾಗಬೇಕು. ಅದಕ್ಕೇ ಇವತ್ತು ಕೂರಿಸಿಕೊಂಡು ಹೇಳುತ್ತಿದ್ದೇನೆ.

ಮೊದಲ ಕೆಲಸಕ್ಕೆ ಒಂದು ಪೈಸೆಯೂ ಬೇಡ. ಫೋನಿನಲ್ಲಿ ಕಳೆದ ಒಂದು ವರ್ಷದ ಚಿತ್ರಗಳನ್ನು ತೆರೆದು ಕೂರು. ಬಿಲ್ಲು, ರಸೀದಿ, ಬೇರೆಯವರು ಕಳಿಸಿದ ಶುಭೋದಯ ಎಲ್ಲ ಬಿಟ್ಟು, ನೀನೇ ಮನಸಾರೆ ನಿಂತು ತೆಗೆದದ್ದನ್ನು ಎಣಿಸು. ಹಕ್ಕಿ ಎಷ್ಟು, ಮನುಷ್ಯರ ಮುಖ ಎಷ್ಟು, ಮಳೆ ಕಾಡು ಎಷ್ಟು, ರಂಗಸ್ಥಳದ ವೇಷ ಎಷ್ಟು. ಹಾಲಿನವರ ಲೆಕ್ಕದ ಹಾಗೆ ಕಾಗದದ ಮೇಲೆ ಗೀಟು ಹಾಕುತ್ತಾ ಹೋಗು. ಬಾಯಿ "ಎಲ್ಲಾನೂ" ಅನ್ನಬಹುದು, ಆ ಗೀಟುಗಳು ಅನ್ನುವುದಿಲ್ಲ. ನನ್ನ ಅಂದಾಜಿನಲ್ಲಿ ನಿನ್ನ ಮುಕ್ಕಾಲು ಪಾಲು ಚಿತ್ರ ಜನ ಮತ್ತು ಯಕ್ಷಗಾನದ ಆಟ. ಹಕ್ಕಿ ಎರಡೋ ಮೂರೋ ಇದ್ದೀತು, ಅದೂ ನಮ್ಮ ಅಂಗಳದ ಪಿಕಳಾರ. ಆದರೆ ನೀನು ತೋರಿಸಿದ ಮೂರು ಕ್ಯಾಮೆರಾಗಳಲ್ಲಿ ಎರಡು ಕಾಡುಪ್ರಾಣಿಗಳ ಹಿಂದೆ ಬೀಳುವವರಿಗಾಗಿ ಮಾಡಿದವು.

ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನಿನಗೆ ತೋರಿಸಿದ್ದೇನಲ್ಲ. ಬದುಕಿಡೀ ಸಾಮಾನ್ಯ ಜನರ, ಮಕ್ಕಳ ಮುಖಗಳನ್ನು ಹುಡುಕಿದರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಹಕ್ಕಿ ಪ್ರಾಣಿಗಳಿಗೆ ಕಾದು ಕೂತರು. ಸಂಡೂರಿನ ಎಂ.ವೈ. ಘೋರ್ಪಡೆ ಮಂತ್ರಿಗಿರಿಯ ಗಡಿಬಿಡಿಯಲ್ಲೂ ಕಾಡಿನ ಬದುಕನ್ನು ಕಪ್ಪು ಬಿಳುಪಿನಲ್ಲಿ ಹಿಡಿದರು. ಬೀದಿಯಲ್ಲಿ ಮಗುವಿನ ನಗು ಹಿಡಿಯುವವರ ಚೀಲವೂ ಗೂಡಿನ ಮುಂದೆ ಮರೆ ಕಟ್ಟಿ ಕೂರುವವರ ಚೀಲವೂ ಒಂದೇ ಆಗುವುದು ಹೇಗೆ ಹೇಳು. ಹಂಬಲ ಮೊದಲು ಗೊತ್ತಾಗಬೇಕು, ಸಾಮಾನು ಆಮೇಲೆ.

ಈಗ ಮನೆತನದ ಮಾತಿಗೆ ಬರೋಣ. ಸಂಬಂಧ ಬೆಳೆಸುವಾಗ ಹಿರಿಯರು ಹುಡುಗ ಹುಡುಗಿಯ ಮುಖವಷ್ಟೇ ನೋಡಿ ಎದ್ದು ಬರುತ್ತಿರಲಿಲ್ಲ, ಮನೆತನ ವಿಚಾರಿಸುತ್ತಿದ್ದರು. ನೀನು ರಾತ್ರಿಯೆಲ್ಲ ನೋಡಿದ್ದು ಬಾಡಿಯ, ಅಂದರೆ ಲೆನ್ಸಿಲ್ಲದ ಬರೀ ಕ್ಯಾಮೆರಾದ, ಮುಖವನ್ನು. ಬಾಡಿ ಐದಾರು ವರ್ಷದ ನೆಂಟ. ಅದರ ಬೆಲೆ ಪ್ರತಿ ವರ್ಷ ಇಳಿಯುತ್ತದೆ, ಅದಕ್ಕಿಂತ ಚುರುಕಿನದು ಬರುತ್ತದೆ. ಲೆನ್ಸು ಹಾಗಲ್ಲ, ಚೆನ್ನಾಗಿ ನೋಡಿಕೊಂಡರೆ ಮೊಮ್ಮಕ್ಕಳ ಕಾಲದವರೆಗೂ ಬರುತ್ತದೆ. ಇವೆರಡಕ್ಕೂ ಗಂಟು ಹಾಕುವುದು ಮೌಂಟ್ ಅನ್ನುವ ಲೋಹದ ಬಳೆ. ಒಂದು ಬಗೆಯ ಬಳೆಗೆ ಇನ್ನೊಂದು ಬಗೆಯ ಲೆನ್ಸು ನೇರವಾಗಿ ಕೂರುವುದಿಲ್ಲ. ಮೊದಲ ಲೆನ್ಸನ್ನು ಟಕ್ ಅಂತ ತಿರುಗಿಸಿ ಕೂರಿಸಿದ ದಿನವೇ ನೀನು ಆ ಮನೆಗೆ ಸೇರಿದೆ ಅಂತ ತಿಳಿದುಕೋ. ಎರಡನೆಯದು, ಮೂರನೆಯದು ಕೊಂಡಮೇಲೆ ಹೊರಗೆ ಬರಬೇಕಾದರೆ ಹಾಕಿದ ದುಡ್ಡಿನಲ್ಲಿ ದೊಡ್ಡ ಪಾಲನ್ನು ಅಲ್ಲೇ ಬಿಟ್ಟು ಬರಬೇಕು. ಜನ ಇದನ್ನು ಸಿಸ್ಟಮ್ ಅನ್ನುತ್ತಾರೆ. ಕ್ಯಾಮೆರಾ ಕೊಳ್ಳುವುದೆಂದರೆ ಈ ಸಿಸ್ಟಮ್‌ಗೆ ಕೈ ಕೊಡುವುದು.

ಅಗೋ, ಕಪಾಟಿನಲ್ಲಿರುವ ಆ ನಿಕಾನ್ ಎಫ್‌ಎಂ2 ನೋಡು. ಅದರ ಎಫ್ ಮೌಂಟ್ ಹುಟ್ಟಿದ್ದು 1959ರಲ್ಲಿ. ಎಂಬತ್ತರ ದಶಕದಲ್ಲಿ ಆ ಕ್ಯಾಮೆರಾ ಜೊತೆ ಕೊಂಡ 50 ಮಿ.ಮೀ. ಲೆನ್ಸಿನಲ್ಲಿ ಈ ಊರಿನ ಎಷ್ಟು ಮದುವೆ ತೆಗೆದಿದ್ದೇನೋ, ನಿನ್ನಪ್ಪನ ಉಪನಯನವೂ ಅದರಲ್ಲೇ. ಹೋದ ಬೇಸಿಗೆಯಲ್ಲಿ ನಿನ್ನ ಚಿಕ್ಕಪ್ಪ ತನ್ನ ಹೊಸ ಝಡ್ ಕ್ಯಾಮೆರಾಕ್ಕೆ ಅಡಾಪ್ಟರ್ ಸಿಕ್ಕಿಸಿ ಅದೇ ಲೆನ್ಸನ್ನು ಕೂರಿಸಿದ. ಫೋಕಸನ್ನು ಕೈಯಲ್ಲೇ ತಿರುಗಿಸಬೇಕಾಯಿತು, ಅಷ್ಟೇ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ನಿನ್ನ ಅಜ್ಜಿಯ ಚಿತ್ರ ಬಂತು ನೋಡು, ಬೆರಳಿನ ಮೇಲಿನ ಅಡಿಕೆ ಕರೆ ಕೂಡ ಒಂದೊಂದಾಗಿ ಎಣಿಸುವ ಹಾಗಿತ್ತು. ನಲವತ್ತು ವರ್ಷದ ಗಾಜು ಮರಿ ಅದು.

ಇದು ಹೇಗಾಯಿತು ಅಂತ ಕೇಳು, ತಿಳಿದಿದ್ದರೆ ಮುಂದೆ ಮೋಸ ಹೋಗುವುದಿಲ್ಲ. ಹಳೆಯ ಕ್ಯಾಮೆರಾಗಳ ಹೊಟ್ಟೆಯಲ್ಲಿ ಒಂದು ಕನ್ನಡಿ ಏಳುತ್ತಾ ಬೀಳುತ್ತಾ ಇರುತ್ತಿತ್ತು. ಅದು ಆಡುವುದಕ್ಕೆ ಜಾಗ ಬೇಕೆಂದು ಲೆನ್ಸಿನ ಬಳೆಯನ್ನು ಫಿಲ್ಮಿನಿಂದ ದೂರ ಇಡುತ್ತಿದ್ದರು: ನಿಕಾನ್ ಎಫ್‌ನಲ್ಲಿ 46.5 ಮಿ.ಮೀ., ಕ್ಯಾನನ್ ಇಎಫ್‌ನಲ್ಲಿ 44. ಮಿರರ್‌ಲೆಸ್ ಬಂದು ಕನ್ನಡಿ ಹೋದ ಮೇಲೆ ಬಳೆ ಹತ್ತಿರ ಬಂತು: ಕ್ಯಾನನ್ ಆರ್‌ಎಫ್‌ನಲ್ಲಿ 20, ಸೋನಿ ಇ ಮೌಂಟಿನಲ್ಲಿ 18, ನಿಕಾನ್ ಝಡ್‌ನಲ್ಲಿ 16. ನಡುವೆ ಉಳಿದ ಜಾಗಕ್ಕೆ ಒಂದು ಟೊಳ್ಳು ಉಂಗುರ ಹಾಕಿದರೆ ಹಳೆಯ ಲೆನ್ಸು ತನ್ನ ಹಳೆಯ ದೂರದಲ್ಲೇ ಕೂತ ಹಾಗಾಯಿತು. ತಿರುವುಮುರುವು ಮಾಡಲು ಬರುವುದಿಲ್ಲ. ಹೊಸ ಲೆನ್ಸು ಅಷ್ಟು ಹತ್ತಿರ ಹೋಗಲು ಹಳೆಯ ಕ್ಯಾಮೆರಾದ ಕನ್ನಡಿ ಬಿಡುವುದಿಲ್ಲ. ಹಾಗಾಗಿ "ಮಾವನ ಹಳೇ ಲೆನ್ಸು ಮೂರಿವೆ, ಅದಕ್ಕೇ ಈ ಕಂಪನಿ" ಅನ್ನುವ ಮುಂಚೆ ಆ ಲೆನ್ಸನ್ನು ಕೈಗೆ ತಗೊಂಡು ನೋಡು. ನಿಕಾನ್‌ನ ಹಳೆಯ ಆಟೊಫೋಕಸ್ ಲೆನ್ಸುಗಳಲ್ಲಿ ಮೋಟಾರು ಇರುತ್ತಿರಲಿಲ್ಲ. ಬಾಡಿಯಲ್ಲಿದ್ದ ಮೋಟಾರು ಒಂದು ಸಣ್ಣ ಕಡ್ಡಿಯ ಮೂಲಕ ಅದನ್ನು ತಿರುಗಿಸುತ್ತಿತ್ತು. ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಆ ಮೋಟಾರಿಲ್ಲ. ಲೆನ್ಸು ಕೂರುತ್ತದೆ, ಆದರೆ ಫೋಕಸು ನಿನ್ನ ಕೈಯಲ್ಲೇ.

ಮನೆತನ ಗಟ್ಟಿ ಅಂತ ನಂಬಿದವರಿಗೂ ಕಾಲ ಪೆಟ್ಟು ಕೊಟ್ಟಿದೆ. 1987ರಲ್ಲಿ ಕ್ಯಾನನ್ ತನ್ನ ಎಫ್‌ಡಿ ಮೌಂಟನ್ನು ಬಿಟ್ಟು ಪೂರ್ತಿ ವಿದ್ಯುತ್ ಸಂಪರ್ಕದ ಇಎಫ್ ತಂದಿತು. ಎಫ್‌ಡಿ ಲೆನ್ಸುಗಳಿಗೆ ಕೈತುಂಬ ಸುರಿದವರು ಎಷ್ಟು ನೊಂದುಕೊಂಡರೋ. ಹೊಸ ಬಾಡಿಗೆ ಹಳೆಯ ಲೆನ್ಸು ಸರಿಯಾಗಿ ಹೊಂದಲೇ ಇಲ್ಲ. ಆದರೂ ನನಗೆ ಕೇಳಿದರೆ ಆ ನಿರ್ಧಾರ ಸರಿಯಿತ್ತು. ಆ ಇಎಫ್ ಲೆನ್ಸುಗಳೇ ಇವತ್ತು ಅಡಾಪ್ಟರ್ ಹಾಕಿದ ಆರ್‌ಎಫ್ ಬಾಡಿಯಲ್ಲಿ ಆಟೊಫೋಕಸ್ ಸಮೇತ ಸಲೀಸಾಗಿ ನಡೆಯುತ್ತವೆ. ಮಿನೋಲ್ಟಾ ಕತೆ ಇನ್ನೊಂದು. 1985ರಲ್ಲಿ ಬಾಡಿಯೊಳಗೇ ಆಟೊಫೋಕಸ್ ಕೂರಿಸಿದ ಕ್ಯಾಮೆರಾ ತಂದು ಎಲ್ಲರ ಕಣ್ಣು ತನ್ನತ್ತ ತಿರುಗುವಂತೆ ಮಾಡಿದ ಮನೆ. 2006ರಲ್ಲಿ ಕ್ಯಾಮೆರಾ ವ್ಯವಹಾರವನ್ನೇ ಬಿಟ್ಟಿತು, ಅದನ್ನು ಸೋನಿ ವಹಿಸಿಕೊಂಡಿತು. ಒಲಿಂಪಸ್‌ನ ಕ್ಯಾಮೆರಾ ವಿಭಾಗ 2021ರ ಆರಂಭದಲ್ಲಿ ಬೇರೆ ಕಂಪನಿಯ ಕೈಗೆ ಹೋಗಿ ಈಗ ಓಎಂ ಸಿಸ್ಟಮ್ ಅನ್ನುವ ಹೆಸರಿನಲ್ಲಿದೆ. ಇದನ್ನೆಲ್ಲ ಹೆದರಿಸಲು ಹೇಳುತ್ತಿಲ್ಲ. ಯಾವ ಮನೆಯೂ ಚಿರಂಜೀವಿಯಲ್ಲ, ಆದರೆ ಕಂಪನಿ ಕೈಬಿಟ್ಟ ಮಾತ್ರಕ್ಕೆ ನಿನ್ನ ಕೈಯಲ್ಲಿರುವ ಲೆನ್ಸು ಕುರುಡಾಗುವುದಿಲ್ಲ. ಅಷ್ಟು ತಿಳಿದಿದ್ದರೆ "ಹತ್ತು ವರ್ಷದ ಮೇಲೆ ಇದು ಇರುತ್ತಾ?" ಅಂತ ರಾತ್ರಿ ನಿದ್ದೆಗೆಡುವ ಕೆಲಸ ತಪ್ಪುತ್ತದೆ.

ಇನ್ನೊಂದನ್ನು ವಿಚಾರಿಸು: ಆ ಮನೆಗೆ ಹೊರಗಿನವರಿಗೆ ಪ್ರವೇಶ ಇದೆಯೋ ಇಲ್ಲವೋ. ಸೋನಿ ಇ ಮೌಂಟಿಗೆ ಸಿಗ್ಮಾ, ಟ್ಯಾಮ್ರಾನ್ ಮುಂತಾದವರು ಎಷ್ಟೋ ವರ್ಷದಿಂದ ಲೆನ್ಸು ಮಾಡುತ್ತಿದ್ದಾರೆ, ಆದ್ದರಿಂದ ಅಲ್ಲಿ ಅಗ್ಗದ್ದೂ ಒಳ್ಳೆಯದೂ ಆದ ಲೆನ್ಸು ಹೇರಳ. ಕ್ಯಾನನ್ ತನ್ನ ಆರ್‌ಎಫ್ ಬಾಗಿಲನ್ನು ಬಹಳ ಕಾಲ ಮುಚ್ಚಿಕೊಂಡಿತ್ತು; 2024ರಲ್ಲಿ ಚಿಕ್ಕ ಸೆನ್ಸರಿನ ಲೆನ್ಸುಗಳ ಮಟ್ಟಿಗೆ ಸಿಗ್ಮಾ, ಟ್ಯಾಮ್ರಾನ್‌ಗಳನ್ನು ಒಳಗೆ ಬಿಟ್ಟುಕೊಂಡಿತು. ನಿಕಾನ್ ಝಡ್‌ನಲ್ಲೂ ಹೊರಗಿನವರು ಬಂದಿದ್ದಾರೆ. ಲೈಕಾ, ಪ್ಯಾನಸಾನಿಕ್, ಸಿಗ್ಮಾ ಮೂವರೂ 2018ರಲ್ಲಿ ಕೈಜೋಡಿಸಿ ಒಂದೇ ಎಲ್ ಮೌಂಟನ್ನು ಹಂಚಿಕೊಂಡರು. ನಿನ್ನಂಥ ಕಡಿಮೆ ಸಂಬಳದ ಹೊಸ ಕೆಲಸದವರಿಗೆ ಬಾಡಿಯ ಬೆಲೆಗಿಂತ ಈ ವಿಚಾರ ಮುಖ್ಯ. ನೀನು ಬಾಡಿ ಕೊಳ್ಳುವುದು ಒಮ್ಮೆ. ಲೆನ್ಸಿಗೆ ಕೈ ಚಾಚುವುದು ಮತ್ತೆ ಮತ್ತೆ.

ಫುಲ್ ಫ್ರೇಮ್, ಫುಲ್ ಫ್ರೇಮ್ ಅಂತ ನೀನು ನಾಲ್ಕು ಸಲ ಅಂದೆ. ಆ ಅಳತೆ ಎಲ್ಲಿಂದ ಬಂತು ಗೊತ್ತೇನು? ಜರ್ಮನಿಯ ಓಸ್ಕರ್ ಬಾರ್ನಾಕ್ ಎಂಬ ಕುಶಲಕರ್ಮಿ ಸಿನಿಮಾ ಫಿಲ್ಮನ್ನು ಅಡ್ಡ ಮಲಗಿಸಿ, ಅದರ ಎರಡು ಚೌಕಟ್ಟನ್ನು ಒಂದು ಮಾಡಿ, 24×36 ಮಿ.ಮೀ. ಚಿತ್ರ ಬೀಳುವ ಪುಟ್ಟ ಕ್ಯಾಮೆರಾ ಮಾಡಿದ. ಅದೇ 1925ರಲ್ಲಿ ಲೈಕಾ ಆಗಿ ಮಾರಾಟಕ್ಕೆ ಬಂತು. ಆಗಿನವರು ಅದನ್ನು ಕರೆದದ್ದು ಮಿನಿಯೇಚರ್ ಅಂತ, ಅಂದರೆ ಪುಟಾಣಿ. ನನಗೆ ಕೆಲಸ ಕಲಿಸಿದ ಹಿರಿಯರು ಮರದ ಹಾಫ್ ಪ್ಲೇಟ್ ಕ್ಯಾಮೆರಾದವರು. ಮೂವತ್ತೈದು ಮಿಲಿಮೀಟರಿನ ಫಿಲ್ಮು ಕಂಡರೆ "ಇದೇನು ಅಂಚೆ ಚೀಟಿ" ಅನ್ನುತ್ತಿದ್ದರು. ಆ ಅಂಚೆ ಚೀಟಿ ಇವತ್ತು ನಿನ್ನ ಪೂರ್ಣ ಚೌಕಟ್ಟು. ದೊಡ್ಡ ಸೆನ್ಸರಿಗೆ ಕತ್ತಲಲ್ಲಿ ಬಲ ಜಾಸ್ತಿ, ನಿಜ. ಅದರ ಹಿಂದೆಯೇ ದೊಡ್ಡ ಲೆನ್ಸು, ದೊಡ್ಡ ಚೀಲ, ದೊಡ್ಡ ಬಿಲ್ಲು ಬರುತ್ತವೆ. ಎಪಿಎಸ್-ಸಿ ಅನ್ನುವ ಮಧ್ಯದ ಅಳತೆ, ಅದಕ್ಕಿಂತ ಚಿಕ್ಕದಾದ ಮೈಕ್ರೋ ಫೋರ್ ಥರ್ಡ್ಸ್, ಇವುಗಳಲ್ಲಿ ತೆಗೆದ ಚಿತ್ರವನ್ನು ಗೋಡೆಗೆ ಎರಡಡಿ ಅಗಲ ಮಾಡಿ ಹಾಕಿದರೂ ನಿನ್ನ ಮನೆಗೆ ಬಂದ ನೆಂಟರು ಸೆನ್ಸರ್ ಎಷ್ಟು ಅಂತ ಕೇಳುವುದಿಲ್ಲ, "ಯಾರಿದು, ಎಷ್ಟು ಚೆಂದ ನಗ್ತಿದ್ದಾರೆ" ಅನ್ನುತ್ತಾರೆ. "ಮುಂದೆ ಯಾವತ್ತಾದರೂ ಫುಲ್ ಫ್ರೇಮ್‌ಗೆ ಹೋಗ್ತೀನಲ್ಲ, ಈಗಲೇ ಅದರ ಲೆನ್ಸು ಕೊಳ್ತೀನಿ" ಅಂದೆಯಲ್ಲ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡ. ಇವತ್ತಿನ ನಿನಗೆ ಬೇಕಾದದ್ದನ್ನು ಕೊಳ್ಳು.

ಆಟದ ವಿಚಾರಕ್ಕೆ ಬರೋಣ, ನಿನ್ನ ಜೀವ ಇರುವುದು ಅಲ್ಲೇ. ರಾತ್ರಿ ಹನ್ನೊಂದಾದ ಮೇಲೆ ಬಣ್ಣದ ವೇಷ ರಂಗಕ್ಕೆ ನುಗ್ಗುತ್ತದೆ, ಚಂಡೆ ಏರುತ್ತದೆ, ವೇಷ ಗಿರಕಿ ಹೊಡೆಯುತ್ತದೆ. ಆಗ ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸು ಜೂಮ್ ಮಾಡಿದೊಡನೆ ಎಫ್ 5.6ಕ್ಕೆ ಕಣ್ಣು ಕಿರಿದು ಮಾಡಿಕೊಂಡು ಕೂರುತ್ತದೆ. ಎಫ್ 1.8ರ ಲೆನ್ಸು ಅದಕ್ಕಿಂತ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಹತ್ತು ಪಟ್ಟು ಮರಿ! ಯಾವ ಹೊಸ ಬಾಡಿಯೂ ಒಂದೇ ಏಟಿಗೆ ಅಷ್ಟು ಕೊಡಲಾರದು. ಬಾಡಿಯೊಳಗೆ ಅಲುಗಾಟ ತಡೆಯುವ ವ್ಯವಸ್ಥೆ ಇದೆ ಅಂತ ಕುಣಿದಾಡಬೇಡ, ಅದು ನಿನ್ನ ಕೈಯ ನಡುಕವನ್ನು ತಡೆಯುತ್ತದೆ, ವೇಷಧಾರಿಯ ಗಿರಕಿಯನ್ನು ತಡೆಯುವುದಿಲ್ಲ. ಅದಕ್ಕೆ ಷಟರ್ ವೇಗವೇ ಬೇಕು, ವೇಗಕ್ಕೆ ಬೆಳಕು ಬೇಕು. ಇನ್ನೊಂದು ಗಮನಿಸು: ಈಗ ಎಷ್ಟೋ ಮೇಳಗಳಲ್ಲಿ ಎಲ್‌ಇಡಿ ದೀಪ. ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಹಾಕಿದರೆ ಚಿತ್ರದ ಮೇಲೆ ಸೀರೆಯ ಪಟ್ಟಿಯ ಹಾಗೆ ಕಪ್ಪು ಗೆರೆ ಬೀಳಬಹುದು. ಅಂಗಡಿಯ ದೀಪದ ಕೆಳಗೆ ಇದೇನೂ ಕಾಣುವುದಿಲ್ಲ. ನಿನ್ನಂಥವರಿಗೆ ಸಾಧಾರಣ ಎಪಿಎಸ್-ಸಿ ಬಾಡಿ, 35 ಮತ್ತು 85 ಮಿ.ಮೀ.ನ ಎರಡು ಎಫ್ 1.8 ಲೆನ್ಸು. ನನ್ನ ಮಗಳಿಗೂ ಇದನ್ನೇ ಹೇಳುತ್ತಿದ್ದೆ.

ಹಕ್ಕಿಯ ಹುಚ್ಚು ಹಿಡಿದವರ ದಾರಿ ಬೇರೆ. ಅವರಿಗೂ ಒಂದು ಮಾತಿದೆ: ಎಲ್ಲಿಯ ಹಕ್ಕಿ ಅಂತ ಕೇಳಿಕೊಳ್ಳಲಿ. ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟಿನಲ್ಲಿ ದೋಣಿಯವರು ಗೂಡುಗಳ ಬುಡದವರೆಗೂ ಕರೆದೊಯ್ಯುತ್ತಾರೆ. ಎಪಿಎಸ್-ಸಿ ಬಾಡಿಗೆ 300 ಮಿ.ಮೀ. ಲೆನ್ಸು ಹಾಕಿದರೆ ಸುಮಾರು 450ರ ನೋಟ ಸಿಗುತ್ತದೆ, ಕೊಕ್ಕರೆಯ ಕಣ್ಣು ತುಂಬಿ ಬರುತ್ತದೆ. ಅದೇ 300 ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 600ರ ನೋಟ. ಕಬಿನಿಯ ಹಿನ್ನೀರಿನ ಆಚೆ ದಡಕ್ಕೆ ಇದೂ ಸಾಲದು, ನಿಜ. ಆದರೆ ವರ್ಷಕ್ಕೆ ಒಂದು ಸಲ ಕಬಿನಿಗೆ ಹೋಗುವವರಿಗೆ ಬೆಂಗಳೂರಿನಲ್ಲಿ ದೊಡ್ಡ ಲೆನ್ಸು ದಿನದ ಬಾಡಿಗೆಗೇ ಸಿಗುತ್ತದಲ್ಲ. ಮದುವೆ ತೆಗೆಯುವ ಆಸೆಯಿದ್ದರೆ ಎರಡು ಕಾರ್ಡ್ ಕೂರುವ ಬಾಡಿಯನ್ನೇ ತಗೋ. ಧಾರೆ ಎರೆದ ಗಳಿಗೆಯನ್ನು, "ಕಾರ್ಡ್ ಹೋಯ್ತು, ಇನ್ನೊಮ್ಮೆ ಎರೀರಿ" ಅನ್ನಲಾಗುವುದಿಲ್ಲ. ಕಪ್ಪೆ, ಜೇಡ, ಅಣಬೆಯವರಿಗೆ ನೂರರ ಆಸುಪಾಸಿನ ಒಂದು ಮ್ಯಾಕ್ರೋ ಲೆನ್ಸು ಸಾಕು, ಬಾಡಿ ಯಾವುದಾದರೂ ನಡೆಯುತ್ತದೆ.

ಭಾರದ ವಿಷಯಕ್ಕೆ ಒಂದು ಪರೀಕ್ಷೆ ಹೇಳುತ್ತೇನೆ, ನಗಬೇಡ, ಮಾಡಿ ನೋಡು. 150-600ರ ಜೂಮ್ ಸುಮಾರು ಎರಡು ಕೆ.ಜಿ. ತೂಗುತ್ತದೆ, ಬಾಡಿ ಬೇರೆ. ಚೀಲಕ್ಕೆ ಮೂರು ಕೆ.ಜಿ. ಅಕ್ಕಿ ತುಂಬಿ ಕೊಡಚಾದ್ರಿ ಹತ್ತು. 1343 ಮೀಟರ್ ಎತ್ತರದ ಬೆಟ್ಟ, ಕಡೆಯ ಏರು ಬಂದಾಗ ಚೀಲ ನಿನ್ನ ಜೊತೆ ಮಾತಾಡುತ್ತದೆ. ಸರ್ವಜ್ಞ ಪೀಠದ ಹತ್ತಿರ ಸೂರ್ಯ ಮುಳುಗುವ ಹೊತ್ತಿಗೆ ಚೀಲ ಬಿಚ್ಚುವ ಹುರುಪು ಉಳಿದಿದ್ದರೆ ಆ ಸಿಸ್ಟಮ್ ನಿನ್ನದು. ಭುಜ ಹಿಡಿದು ಕೂತುಬಿಟ್ಟೆಯೋ, ಹಗುರದ್ದು ನೋಡು. ನಾನೂ ಒಂದು ಕಾಲದಲ್ಲಿ ದೊಡ್ಡ ಜೂಮ್ ಕೊಂಡಿದ್ದೆ. ಅದು ಮನೆಯಲ್ಲೇ ಉಳಿದ ಎಷ್ಟೋ ಬೆಳಗುಗಳಲ್ಲಿ ತುಂಗೆಯ ಮೇಲೆ ಒಳ್ಳೆಯ ಮಂಜು ಬಂದು ಹೋಯಿತು. ಆ ಬೆಳಗುಗಳ ನೆನಪು ನನಗಿನ್ನೂ ಚುಚ್ಚುತ್ತದೆ.

ನಮ್ಮ ಸೀಮೆಯವರು ವಿಚಾರಿಸಲೇಬೇಕಾದದ್ದು ಮಳೆ. ಆ ವೀಡಿಯೊ ಮಾಡುವವರು ಯಾರೂ ಆಗುಂಬೆಯಲ್ಲಿ ಆಷಾಢ ಕಳೆದಿಲ್ಲ. ಒಂದು ಮಳೆಗಾಲ ನನ್ನ ಮೂರು ಲೆನ್ಸುಗಳನ್ನು ಅವುಗಳ ಚರ್ಮದ ಚೀಲದಲ್ಲೇ ಇಟ್ಟು, ಬೀಗ ಹಾಕಿ, ಜೋಪಾನ ಮಾಡಿದೆ ಅಂದುಕೊಂಡು ಅಣ್ಣನ ಮನೆಗೆ ಹೋದೆ. ಗೌರಿಹಬ್ಬಕ್ಕೆ ಬಂದು ತೆಗೆದರೆ ಗಾಜಿನೊಳಗೆ ಜೇಡರ ಬಲೆಯಂಥ ಬಿಳಿ ನಾರು. ಬೂಸ್ಟು. ಚರ್ಮ ತೇವ ಹೀರುತ್ತದೆ, ಕತ್ತಲು ಮತ್ತು ತೇವ ಸೇರಿದರೆ ಬೂಸ್ಟಿಗೆ ಹಬ್ಬ. ಒಂದು ಲೆನ್ಸು ಉಳಿಯಲೇ ಇಲ್ಲ; ಬೂಸ್ಟಿನ ಬೇರು ಗಾಜಿನ ಲೇಪವನ್ನೇ ತಿಂದಿತ್ತು. ಅವತ್ತಿನಿಂದ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಪುಟ್ಟ ಮೀಟರು. ಮುಳ್ಳು ನಲವತ್ತು-ಐವತ್ತರ ನಡುವೆ ಇರಲಿ. ಜೆಲ್ಲಿನ ನೀಲಿ ಹರಳು ಗುಲಾಬಿಯಾದರೆ ಹುರಿದು ಮತ್ತೆ ಒಣಗಿಸು, ಅದಕ್ಕೆ ಬೇರೆಯೇ ಬಾಣಲೆ ಇಟ್ಟುಕೋ, ಅಡುಗೆಯದ್ದನ್ನು ಮುಟ್ಟಬೇಡ, ಆ ಬಣ್ಣದಲ್ಲಿ ವಿಷ ಇರುತ್ತದೆ. ಕೈಲಾದರೆ ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ತಗೋ. ಎಲ್ಲಕ್ಕಿಂತ ಒಳ್ಳೆಯ ಮದ್ದು ಲೆನ್ಸನ್ನು ದಿನಾ ಹೊರಗೆ ತಂದು ಬಳಸುವುದು.

ದುಡ್ಡಿನ ಲೆಕ್ಕ ಹೀಗಿಟ್ಟುಕೋ. ಕೈಯಲ್ಲಿರುವುದನ್ನು ಮೂರು ಪಾಲು ಮಾಡು. ಬಾಡಿಗೆ ಒಂದು ಪಾಲು ದಾಟಬೇಡ. ಒಂದೂವರೆ ಪಾಲು ಲೆನ್ಸಿಗೆ. ಉಳಿದರ್ಧ ಪಾಲು ಕಾರ್ಡಿಗೆ, ಇನ್ನೊಂದು ಬ್ಯಾಟರಿಗೆ, ಚಿತ್ರಗಳನ್ನು ಎರಡು ಕಡೆ ಇಡುವ ಹಾರ್ಡ್ ಡಿಸ್ಕಿಗೆ, ಆ ಒಣ ಡಬ್ಬಿಗೆ, ಬಸ್ ಚಾರ್ಜಿಗೆ. ಬಸ್ ಚಾರ್ಜು ಅಂದರೆ ಮುಖ ಕಿವುಚಬೇಡ. ಲಕ್ಷದ ಕ್ಯಾಮೆರಾ ಕೊಂಡು ಬೇಲೂರಿಗೆ ಹೋಗಲು ಕಾಸಿಲ್ಲದೆ ಕೂತವರನ್ನು ಕಂಡಿದ್ದೇನೆ. ಸಾಲದ ಕಂತಿನಲ್ಲಿ ಬೇಡವೇ ಬೇಡ. ಕೈಯಲ್ಲಿ ಹಣ ಕಮ್ಮಿ ಇದ್ದರೆ ಹಳೆಯ ಡಿಎಸ್‌ಎಲ್‌ಆರ್, ಅಂದರೆ ಆ ಕನ್ನಡಿಯಿರುವ ಡಿಜಿಟಲ್ ಕ್ಯಾಮೆರಾ, ನೋಡು. ಕ್ಯಾನನ್, ನಿಕಾನ್ ಎರಡೂ ಅದರಲ್ಲಿ ಹೊಸ ಮಾದರಿ ತರುವುದನ್ನು ನಿಲ್ಲಿಸಿ ವರ್ಷಗಳಾದವು, ಅದಕ್ಕೇ ಬಾಡಿಯೂ ಲೆನ್ಸೂ ಅಗ್ಗ. ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ನಾನು ಕಲಿತದ್ದು ಬರೋಡದಲ್ಲಿ ತಯಾರಾದ ಅಗ್ಫಾ ಕ್ಲಿಕ್-3ರಲ್ಲಿ. ಒಂದು ರೋಲಿಗೆ ಹನ್ನೆರಡು ಚಿತ್ರ, ಊಟಿಯ "ಇಂದು" ಫಿಲ್ಮು. ಒಂದೊಂದು ಚಿತ್ರಕ್ಕೂ ಉಸಿರು ಹಿಡಿದು ನಿಲ್ಲುತ್ತಿದ್ದೆವು.

ಹಳೆಯದನ್ನು ಕೊಳ್ಳುವಾಗ ಕಣ್ಣು ತೆರೆದಿರಲಿ. ದೊಡ್ಡ ಪೇಟೆಯೊಂದರ ಅಂಗಡಿಯಲ್ಲಿ ಹೊಳೆಯುವ ಲೆನ್ಸು ಕೊಟ್ಟು ನನಗೆ ಟೋಪಿ ಹಾಕಿದ್ದರು. ಮನೆಗೆ ಬಂದು ಬಿಸಿಲಿಗೆ ಹಿಡಿದಾಗ ಒಳಗೆ ಮಂಜು. ಆದ್ದರಿಂದ ಜೇಬಿನಲ್ಲಿ ಸಣ್ಣ ಟಾರ್ಚು ಇರಲಿ. ಲೆನ್ಸಿನ ಹಿಂಬದಿಯಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡು, ಆಮೇಲೆ ತಿರುಗಿಸಿ ನೋಡು; ನಾರು, ಮಂಜು, ಗೀರು ಯಾವುದಿದ್ದರೂ ಮುಚ್ಚಿಡಲಾಗದು. ಧೂಳಿನ ನಾಲ್ಕು ಕಣಕ್ಕೆ ಹೆದರಬೇಡ. ಅಪರ್ಚರ್ ಎಲೆಗಳ ಮೇಲೆ ಎಣ್ಣೆಯ ಹೊಳಪಿದ್ದರೆ ಬಿಡು. ಬಾಡಿಯಾದರೆ ಷಟರ್ ಎಷ್ಟು ಸಲ ಬಡಿದಿದೆ ಅಂತ ಕೇಳು. ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆದು ದೊಡ್ಡದು ಮಾಡಿ ನೋಡು, ಸೆನ್ಸರಿನ ಮೇಲಿನ ಕಲೆ ಕಾಣುತ್ತದೆ. ಮೌಂಟಿನ ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ ಅಂತ ಅರ್ಥ. ಹೊಸದಾದರೆ ಬಿಲ್ಲು, ಭಾರತದ ವಾರಂಟಿ ಕಾರ್ಡು ಎರಡೂ ಕೈಗೆ ಬರದೆ ದುಡ್ಡು ಕೊಡಬೇಡ, ಹತ್ತು ಸಾವಿರ ಕಮ್ಮಿ ಅಂದರೂ ಸರಿ.

ನಮ್ಮ ಸ್ಟುಡಿಯೊದಲ್ಲಿ ಕೆಲಸ ಕಲಿತ ಒಬ್ಬ ಹುಡುಗನಿದ್ದ. ನಿನ್ನ ಹಾಗೇ ಚುರುಕು, ನಿನ್ನ ಹಾಗೇ ಅವಸರ. ಏಳು ವರ್ಷದಲ್ಲಿ ಮೂರು ಕಂಪನಿ ಬದಲಾಯಿಸಿದ. ಒಂದರಲ್ಲಿ ಬಣ್ಣ ಸರಿಯಿಲ್ಲ ಅಂದ, ಇನ್ನೊಂದರಲ್ಲಿ ಫೋಕಸ್ ನಿಧಾನ ಅಂದ, ಮತ್ತೊಂದು ಕೈಗೆ ಕೂರುವುದಿಲ್ಲ ಅಂದ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಅಂತ ನಾನು ಗದರಿದ್ದೂ ಉಂಟು. ಪ್ರತಿ ಸಲ ಎಲ್ಲ ಲೆನ್ಸು ಮಾರಿ, ನಷ್ಟ ಮಾಡಿಕೊಂಡು, ಮತ್ತೆ ಮೊದಲಿಂದ. ಹೊಸ ಗುಂಡಿಗಳಿಗೆ ಬೆರಳು ಪಳಗುವಷ್ಟರಲ್ಲಿ ಅದೂ ಮನೆಯಿಂದ ಹೊರಗೆ. ಅವನ ಅಮ್ಮ ತೀರಿಕೊಂಡ ದಿನ ಗೋಡೆಗೆ ಹಾಕಲು ಚಿತ್ರ ಹುಡುಕಿದರೆ ಅವನ ಹತ್ತಿರ ಒಂದೂ ಇರಲಿಲ್ಲ. ಇಟ್ಟಿಗೆ ಗೋಡೆಯ ಪರೀಕ್ಷೆ ಚಿತ್ರಗಳು ಸಾವಿರ ಇದ್ದವು. ಕೊನೆಗೆ ನನ್ನ ಹಳೆಯ ನೆಗೆಟಿವ್‌ಗಳ ಪೆಟ್ಟಿಗೆಯಿಂದ ಒಂದು ಹುಡುಕಿ ಕೊಟ್ಟೆ, ತವರಿನ ಮದುವೆಯಲ್ಲಿ ಹೂ ಕಟ್ಟುತ್ತಾ ಕೂತದ್ದು. ಅದನ್ನು ಕೈಗೆ ತಗೊಂಡು ಅವನು ನಿಂತ ರೀತಿ ನನಗೆ ಮರೆಯುವುದಿಲ್ಲ. ಈಗ ಅವನು ಒಂದೇ ಬಾಡಿ, ಒಂದೇ ಲೆನ್ಸಿನಲ್ಲಿ ಊರಿನ ಮುದುಕರ ಮುಖಗಳನ್ನು ತೆಗೆಯುತ್ತಾನೆ. ಚೆನ್ನಾಗಿ ತೆಗೆಯುತ್ತಾನೆ.

ನಿನಗೆ ಹತ್ತಿರದಲ್ಲಿ ಯಾರ ಬಳಿ ಯಾವ ಮೌಂಟ್ ಇದೆ ಅಂತ ನೋಡಿದ್ದೀಯಾ? ಚಿಕ್ಕಪ್ಪನದು ನಿಕಾನ್ ಝಡ್. ನಿನ್ನ ಆಫೀಸಿನ ಗೆಳತಿಯದು ಸೋನಿ ಅಂದೆ. ಒಂದೇ ಮನೆತನದವರಾದರೆ ಲೆನ್ಸು ಕೈ ಬದಲಾಯಿಸುತ್ತದೆ, ಸಂಕ್ರಾಂತಿಗೆ ಎಳ್ಳು ಬೆಲ್ಲ ಬೀರಿದ ಹಾಗೆ. ಬ್ಯಾಟರಿ ಸತ್ತಾಗ ಅವರದು ಹಾಕಿಕೊಳ್ಳಬಹುದು. ಕಲಿಯುವಾಗ "ಆ ಮೆನು ಎಲ್ಲಿದೆ" ಅಂತ ಕೇಳಲು ಒಬ್ಬರಿರುತ್ತಾರೆ. ರಿಪೇರಿಗೆ ಶಿವಮೊಗ್ಗದಲ್ಲೇ ಆಗುತ್ತದೋ, ಬೆಂಗಳೂರಿಗೇ ಹೋಗಬೇಕೋ ವಿಚಾರಿಸು. ಯಾವ ವಿಮರ್ಶೆಯಲ್ಲೂ ಇದಕ್ಕೆ ಅಂಕ ಕೊಡುವುದಿಲ್ಲ, ಆದರೆ ದಿನದ ಬಾಳ್ವೆಯಲ್ಲಿ ಇದೇ ದೊಡ್ಡದು. ಇಬ್ಬರ ಕ್ಯಾಮೆರಾವನ್ನೂ ಒಂದೊಂದು ಶನಿವಾರ ಕೇಳಿ ತಗೊಂಡು ಆಟಕ್ಕೆ ಹೋಗು. ಬೆಳಗಿನ ಜಾವ ನಾಲ್ಕರವರೆಗೆ ಯಾವುದು ಕೈಯಲ್ಲೇ ಉಳಿಯಿತು, ಯಾವುದನ್ನು ಚಾಪೆಯ ಮೇಲೆ ಇಟ್ಟೆ, ಅದನ್ನು ಗಮನಿಸು.

ಆಮೇಲೆ ಅಂಗಡಿ. ಅಲ್ಲಿ ಗಾಜಿನ ಹಿಂದಿನಿಂದ ನೋಡಿ ಬರಬೇಡ, ಕೈಗೆ ಕೇಳು. ನಿನ್ನ ಬೆರಳು ಸಣ್ಣ. ಬಾಡಿ ಹಿಡಿದಾಗ ತೋರುಬೆರಳು ಷಟರ್ ಗುಂಡಿಯ ಮೇಲೆ ತಾನಾಗಿ ಹೋಗಿ ಕೂರಬೇಕು, ಹೆಬ್ಬೆರಳು ಹುಡುಕಾಡಬಾರದು. ಕಣ್ಣು ಮುಚ್ಚಿಕೊಂಡು ಆನ್ ಮಾಡು, ಅಪರ್ಚರ್ ತಿರುಗಿಸು, ಷಟರ್ ವೇಗ ಬದಲಾಯಿಸು. ಕನ್ನಡಕ ಹಾಕಿಕೊಂಡೇ ವ್ಯೂಫೈಂಡರಿನ ನಾಲ್ಕೂ ಮೂಲೆ ಕಾಣುತ್ತದಾ ನೋಡು. ಲೆನ್ಸು ಬಿಚ್ಚಿ ಹಾಕು, ಹತ್ತು ಸಲ. ಕತ್ತಲಲ್ಲಿ, ಮಳೆ ಹನಿಯಲ್ಲಿ ಮಾಡಬೇಕಾದ ಕೆಲಸ ಅದು. ಅಂಗಡಿಯವರು ಅವಸರ ಮಾಡಿದರೆ ನಕ್ಕು, ಇನ್ನೊಮ್ಮೆ ಹಾಕು. ಇವತ್ತು ಮಾರುವ ಯಾವ ದೊಡ್ಡ ಕಂಪನಿಯ ಕ್ಯಾಮೆರಾವೂ ಕೆಟ್ಟದ್ದಲ್ಲ; ನಿನ್ನ ಕೈ ಯಾವುದರ ಜೊತೆ ಜಗಳ ಆಡುವುದಿಲ್ಲವೋ ಅದನ್ನು ತಗೋ.

ಭಾನುವಾರದ ಆಫರು ಹೋಗಲಿ ಬಿಡು, ದಸರೆಗೆ ಇನ್ನೊಂದು ಬರುತ್ತದೆ. ಈ ವಾರ ಗೀಟು ಹಾಕಿ ಲೆಕ್ಕ ಮುಗಿಸು, ಮುಂದಿನ ವಾರ ಚಿಕ್ಕಪ್ಪನ ಕ್ಯಾಮೆರಾ ತಗೊಂಡು ಆಟ ನೋಡಿ ಬಾ. ಅಂಗಡಿಗೆ ಹೋಗುವ ದಿನ ಬೆಳಗ್ಗೆ ಫೋನು ಮಾಡು, ಏಳೂವರೆ ಬಸ್ಸಿಗೆ ನಾನೂ ಬರುತ್ತೇನೆ. ಟಾರ್ಚು ನನ್ನ ಹತ್ತಿರ ಇದೆ.